ಯಾರೂ ಲೆಕ್ಕ ಇಡದ ಲೋಕದಲ್ಲಿ ಬದುಕಿಗೆ ಅರ್ಥ ಎಲ್ಲಿಂದ ಬರಬೇಕು? ಕೈಗೆ ಹತ್ತುವ ಉತ್ತರ ಬೇಕು

ಕೋಡಿಬಾಗ_ಕಿನಾರೆ
ನೇರವಾಗಿ ಕೇಳ್ತೇನೆ. 2024ರ ಜುಲೈ 16ಕ್ಕೆ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿತ್ತು. ಅಂಗಡಿಯವರು, ಚಾ ಕುಡಿಯಲು ನಿಂತವರು, ಲಾರಿಯವರು ಗಂಗಾವಳಿ ಹೊಳೆ ಪಾಲಾದರು. ಮೂರು ವಾರ ಕಳೀತು, ಆಗಸ್ಟ್ 7ರ ನಡುರಾತ್ರಿ ಇಲ್ಲೇ ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಮುರಿದು ಒಂದು ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ. ಅಲ್ಲಿ ಸತ್ತವರು ಯಾಕೆ ಸತ್ತರು, ಇಲ್ಲಿ ಉಳಿದವ ಯಾಕೆ ಉಳಿದ? ಅವರವರ ಗುಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹತ್ತು ನಿಮಿಷ ಆಚೀಚೆ, ಅಷ್ಟೇ.

ಲೋಕಕ್ಕೆ ನಮ್ಮ ಗೊಡವೆಯೇ ಇಲ್ಲ ಅಂತಾದ ಮೇಲೆ, ಬೆಳಿಗ್ಗೆ ಎದ್ದು ಮಾಡುವ ಕೆಲಸಕ್ಕೆ ಅರ್ಥ ಎಲ್ಲಿಂದ ತರೋದು? "ಎಲ್ಲ ಒಳ್ಳೇದಕ್ಕೇ" ಅನ್ನೋ ಉತ್ತರ ಬೇಡ. ಏನು ಮಾಡಬೇಕು, ಎಷ್ಟು ಮಾಡಬೇಕು, ಎಲ್ಲಿ ಕೆಡ್ತದೆ, ಅದನ್ನ ಹೇಳಿ.

ತಟ್ಟಿಹಳ್ಳ
ಇದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. "ಲೋಕಕ್ಕೆ ಅರ್ಥ ಇದೆಯೇ" ಬೇರೆ, "ನನ್ನ ಬದುಕಿಗೆ ಇದೆಯೇ" ಬೇರೆ. ಮೊದಲನೆಯದಕ್ಕೆ ಇಲ್ಲ ಅಂದ ಮಾತ್ರಕ್ಕೆ ಎರಡನೆಯದಕ್ಕೂ ಇಲ್ಲ ಅಂತ ಆಗೋದಿಲ್ಲ.

ಬೇಲೆಕಾನ
ಶಿರೂರನ್ನ ಇಲ್ಲಿ ಎಳೆದು ತಂದದ್ದು ತಪ್ಪು. ಅದು ಲೋಕದ ನಿರ್ಲಕ್ಷ್ಯ ಅಲ್ಲ, ಮನುಷ್ಯರದ್ದು. ರಸ್ತೆ ಅಗಲ ಮಾಡೋಕೆ ಗುಡ್ಡದ ಬುಡವನ್ನ ನೆಟ್ಟಗೆ ಕಡಿದ್ರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಮಳೆನೀರು ಕುಡಿದು ಭಾರ ಆಗ್ತದೆ, ಒಳಗಿನ ನೀರಿಗೆ ಹೊರಗೆ ದಾರಿ ಬಿಡದಿದ್ರೆ ಒತ್ತಡ ಏರ್ತದೆ, ಗುಡ್ಡ ಜಾರ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡೀಬೇಕು, ಮೇಲ್ಗಡೆ ಕಾಲುವೆ ಕೊಟ್ಟು ನೀರನ್ನ ಬದಿಗೆ ತಿರುಗಿಸಬೇಕು, ಗೋಡೆಗೆ ನೀರು ಬಸಿಯೋ ಕೊಳವೆ ಇಡಬೇಕು. ಇದೆಲ್ಲ ಗೊತ್ತಿರೋ ವಿದ್ಯೆ. ಇಂಥದ್ದನ್ನ "ಬ್ರಹ್ಮಾಂಡಕ್ಕೆ ಕರುಣೆ ಇಲ್ಲ" ಅಂತ ಬರೆದ್ರೆ ಕಡಿದವರು ತಪ್ಪಿಸಿಕೊಳ್ತಾರೆ.

ಆದ್ದರಿಂದ ಮೊದಲ ಕೆಲಸ ವಿಂಗಡಣೆ. ಯಾವುದು ನಿಜಕ್ಕೂ ಯಾರ ಕೈಯಲ್ಲೂ ಇಲ್ಲದ್ದು, ಯಾವುದು ಯಾರೋ ಮಾಡದೇ ಬಿಟ್ಟದ್ದು. ಎರಡನೆಯದಕ್ಕೆ ತತ್ವಶಾಸ್ತ್ರ ಬೇಡ, ಅರ್ಜಿ ಬೇಕು.

ಮಲ್ಲಾಪುರ_ಮೇಷ್ಟ್ರು
ಬೇಲೆಕಾನ ಅವರ ಮಾತು ಒಪ್ಪಿದೆ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯೋದಿಲ್ಲ. ಗುಡ್ಡ ಯಾಕೆ ಬಿತ್ತು ಅನ್ನೋದಕ್ಕೆ ಕಾರಣ ಇದೆ, ಆ ಹೊತ್ತಿಗೆ ಅದೇ ಮನುಷ್ಯ ಯಾಕೆ ಅಲ್ಲಿದ್ದ ಅನ್ನೋದಕ್ಕೆ ಇಲ್ಲ. ಕೋಡಿಬಾಗದವರನ್ನ ಕಾಡ್ತಿರೋದು ಅದು.

ಈ ವಿಷಯದಲ್ಲಿ ಮನಶ್ಶಾಸ್ತ್ರದವರು ಮಾಡಿರೋ ಒಂದು ವಿಂಗಡಣೆ ಉಪಯೋಗಕ್ಕೆ ಬರ್ತದೆ. "ಬದುಕಿಗೆ ಅರ್ಥ ಇದೆ" ಅಂತ ಅನಿಸೋದರಲ್ಲಿ ಮೂರು ಎಳೆ ಇವೆ ಅಂತಾರೆ. ಒಂದು, ನಡೆಯೋದಕ್ಕೆಲ್ಲ ಒಂದು ತಾಳಮೇಳ ಕಾಣೋದು. ಎರಡು, ಮುಂದಕ್ಕೆ ಒಂದು ಗುರಿ ಇರೋದು. ಮೂರು, ನಾನಿದ್ದದ್ದಕ್ಕೆ ಯಾರಿಗೋ ಏನೋ ವ್ಯತ್ಯಾಸ ಆಗ್ತದೆ ಅನ್ನೋ ಭಾವ. ದುರಂತ ಹೊಡೆಯೋದು ಸಾಮಾನ್ಯವಾಗಿ ಮೊದಲನೆಯದಕ್ಕೆ. ಜನ ಅದನ್ನೇ ರಿಪೇರಿ ಮಾಡೋಕೆ ಹೋಗಿ ವರ್ಷಗಟ್ಟಲೆ "ಯಾಕೆ, ಯಾಕೆ" ಅಂತ ಕೂರ್ತಾರೆ. ಅದು ಸರಿಹೋಗೋದೂ ಉಂಟು, ಹೋಗದೇ ಇರೋದೂ ಉಂಟು. ಆದ್ರೆ ಎರಡನೇ, ಮೂರನೇ ಎಳೆ ಅದಕ್ಕಾಗಿ ಕಾಯಬೇಕಾಗಿಲ್ಲ. ತಾಳಮೇಳ ಸಿಗದೇ ಇದ್ರೂ ಗುರಿ ಇಟ್ಟುಕೊಳ್ಳಬಹುದು, ಒಬ್ಬರಿಗೆ ಬೇಕಾದವರಾಗಿ ಇರಬಹುದು.

ನಿಮ್ಮದು ಎಲ್ಲಿ ಕೆಟ್ಟಿದೆ ಅಂತ ನೋಡೋಕೆ 2006ರಲ್ಲಿ ಬಂದ ಒಂದು ಪ್ರಶ್ನಾವಳಿ ಇದೆ. ಹತ್ತು ವಾಕ್ಯ, ಒಂದೊಂದಕ್ಕೆ 1ರಿಂದ 7 ಅಂಕ. ಐದು ವಾಕ್ಯ "ಅರ್ಥ ಇದೆ" ಅನ್ನೋದಕ್ಕೆ, ಐದು "ಹುಡುಕ್ತಾ ಇದ್ದೇನೆ" ಅನ್ನೋದಕ್ಕೆ. ಎರಡನ್ನೂ ಬೇರೆ ಬೇರೆ ಕೂಡಬೇಕು, ಒಟ್ಟು ಸೇರಿಸಬಾರದು. ಹುಡುಕಾಟದ ಅಂಕ ಜಾಸ್ತಿ ಬಂದ್ರೆ ಅದು ರೋಗ ಅಲ್ಲ. ಎರಡೂ ಜಾಸ್ತಿ ಇರೋ ಜನ ಬೇಕಷ್ಟಿದ್ದಾರೆ.

ನಿಲ್ಕುಂದ
ಅಂಕ ಹಾಕಿ ಅರ್ಥ ಅಳೆಯೋದಾ? ತೂಕ ನೋಡೋ ಹಾಗೆ?

ಮಲ್ಲಾಪುರ_ಮೇಷ್ಟ್ರು
ಅಳೆಯೋದು ಅರ್ಥವನ್ನಲ್ಲ, ನಿಮಗೆ ಏನನಿಸ್ತದೆ ಅನ್ನೋದನ್ನ. ಆರು ತಿಂಗಳು ಬಿಟ್ಟು ಮತ್ತೆ ತುಂಬಿದ್ರೆ ಯಾವ ಕಡೆ ಸರಿದಿದೆ ಅಂತ ಕಾಣ್ತದೆ. ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕೆ ಕೊಡಬೇಡಿ.

ದೇವಿಮನೆ_ಘಟ್ಟ
ಮುಂದೆ ಹೋಗೋ ಮೊದಲು ಒಂದು ಮಾತು, ದಯವಿಟ್ಟು ಯಾರೂ ಹಾರಿಸಿ ಓದಬೇಡಿ. "ಯಾವುದಕ್ಕೂ ಅರ್ಥ ಇಲ್ಲ" ಅನ್ನೋದು ಕೆಲವರಲ್ಲಿ ವಿಚಾರ, ಕೆಲವರಲ್ಲಿ ಕಾಯಿಲೆ. ಎರಡು ವಾರಕ್ಕಿಂತ ಹೆಚ್ಚು, ದಿನದ ಬಹುಪಾಲು, ಮೊದಲು ಹಿಡಿಸುತ್ತಿದ್ದದ್ದು ಯಾವುದೂ ಹಿಡಿಸದೇ ಇರೋದು, ನಿದ್ದೆ ಕೆಡೋದು ಇಲ್ಲಾ ಅತಿಯಾಗೋದು, ಊಟ ಸೇರದೇ ಇರೋದು, ಸತ್ತರೇ ವಾಸಿ ಅನಿಸೋದು, ಹೀಗಿದ್ರೆ ಅದು ಖಿನ್ನತೆ ಇರಬಹುದು. ವೈದ್ಯರು ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆ ಕೇಳ್ತಾರೆ, ಒಂದೊಂದಕ್ಕೆ 0ರಿಂದ 3. ಮೊತ್ತ 10 ಇಲ್ಲಾ ಅದಕ್ಕಿಂತ ಹೆಚ್ಚು ಬಂದ್ರೆ ತೋರಿಸಬೇಕು. ಒಂಬತ್ತನೇ ಪ್ರಶ್ನೆ, ಸಾಯೋ ಯೋಚನೆಯದ್ದು, ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದ್ರೂ ಮೊತ್ತ ನೋಡದೆ ಅವತ್ತೇ ಮಾತಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿ ಇರ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಖಿನ್ನತೆ ಇರುವವರಿಗೆ ತತ್ವ ಹೇಳ್ತಾ ಕೂತ್ರೆ ಅವರು ಅದನ್ನೂ ತಮ್ಮ ವಿರುದ್ಧವೇ ಬಳಸಿಕೊಳ್ತಾರೆ. ಮೊದಲು ಚಿಕಿತ್ಸೆ ಆಗಲಿ.

ಕೋಡಿಬಾಗ_ಕಿನಾರೆ
ಒಳ್ಳೇದಾಯ್ತು ಹೇಳಿದ್ದು. ಇಲ್ಲಿ ಕೇಳಿರೋದು ವಿಚಾರದ ಪ್ರಶ್ನೆಯೇ. ನಿದ್ದೆ, ಊಟ, ಕೆಲಸ ಎಲ್ಲ ಸರಿ ಇದ್ದವರಿಗೂ ಬರೋ ಪ್ರಶ್ನೆ.

ತಟ್ಟಿಹಳ್ಳ
ಹಾಗಾದ್ರೆ ವಿಚಾರವನ್ನೇ ನೋಡುವ. ಸಾಮಾನ್ಯವಾಗಿ ಕೇಳಿಬರೋ ವಾದ ಇದು: ಲಕ್ಷಾಂತರ ವರ್ಷ ಕಳೆದ ಮೇಲೆ ಯಾವುದೂ ಉಳಿಯೋದಿಲ್ಲ, ಆದ್ದರಿಂದ ಈಗ ಮಾಡೋದು ಯಾವುದೂ ಮುಖ್ಯ ಅಲ್ಲ. ಥಾಮಸ್ ನೇಗಲ್ ಅನ್ನೋ ತತ್ವಶಾಸ್ತ್ರಜ್ಞ 1971ರಲ್ಲೇ ಇದರ ಹುಳುಕು ತೋರಿಸಿದ್ದಾರೆ. ಈಗಿನದ್ದು ಆಗ ಮುಖ್ಯ ಅಲ್ಲ ಅಂತಾದ್ರೆ, ಅದೇ ಲೆಕ್ಕದಲ್ಲಿ ಆಗಿನದ್ದು ಈಗ ಮುಖ್ಯ ಅಲ್ಲ. ಅಂದ್ರೆ, ಲಕ್ಷ ವರ್ಷದ ಮೇಲೆ ಇದು ಯಾರಿಗೂ ಬೇಡವಾಗ್ತದೆ ಅನ್ನೋ ಸಂಗತಿಯೂ ಈಗ ನಮಗೆ ಮುಖ್ಯ ಆಗಬೇಕಾಗಿಲ್ಲ. ಮಗುವಿಗೆ ಜ್ವರ ಬಂದಾಗ ಔಷಧಿ ಕೊಡೋದಕ್ಕೆ ಲಕ್ಷ ವರ್ಷದ ಒಪ್ಪಿಗೆ ಬೇಕಾ?

ಫ್ರೆಂಚ್ ಲೇಖಕ ಕಮೂ ಹೇಳಿದ್ದನ್ನೂ ಜನ ಅರ್ಧ ಮಾತ್ರ ಹೇಳ್ತಾರೆ. "ಲೋಕ ಅಸಂಗತ" ಅಂತ ಆತ ಹೇಳಲಿಲ್ಲ. ಮನುಷ್ಯ ಕಾರಣ ಕೇಳ್ತಾನೆ, ಲೋಕ ಸುಮ್ಮನಿರ್ತದೆ, ಈ ಎರಡರ ನಡುವಿನ ತಿಕ್ಕಾಟವೇ ಅಸಂಗತ ಅಂದದ್ದು. ಕೇಳೋದನ್ನ ಬಿಟ್ಟರೂ ತಪ್ಪಿಸಿಕೊಂಡ ಹಾಗೆ, ಸುಳ್ಳು ಉತ್ತರ ನಂಬಿದ್ರೂ ತಪ್ಪಿಸಿಕೊಂಡ ಹಾಗೆ. ಎರಡನ್ನೂ ಮಾಡದೆ, ಕಣ್ಣು ತೆರೆದು ಬದುಕು ಅನ್ನೋದು ಆತನ ಮಾತು. 1942ರಲ್ಲಿ, ಫ್ರಾನ್ಸ್ ಜರ್ಮನರ ಕೈಯಲ್ಲಿದ್ದಾಗ ಅಚ್ಚಾದ ಮಾತದು.

ಸೋದೆ_ತೋಟಿಗ
ಇದನ್ನ ಅಡಕೆ ತೋಟದವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಕೊಳೆರೋಗ ನೋಡಿ. ಬೋರ್ಡೋ (ತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟಕ್ಕೂ ಬರ್ತದೆ, ಹೊಡೆಯದೇ ಇದ್ದದ್ದು ಉಳಿಯೋದೂ ಉಂಟು. ಜುಲೈನಲ್ಲಿ ಹದಿನೈದು ದಿನ ಬಿಡದೆ ಹೊಯ್ದರೆ ಎರಡನೇ ಸಲದ ಸಿಂಪಡಣೆಗೆ ಕೊನೆಗೌಡ ಮರ ಹತ್ತೋ ಹಾಗೇ ಇಲ್ಲ. ಹಾಗಂತ ಹೊಡೆಯೋದು ವ್ಯರ್ಥ ಅಂತ ಯಾರೂ ಬಿಡೋದಿಲ್ಲ.

ಕೈಯಲ್ಲಿ ಇರೋದು ಯಾವುದು? ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಮಳೆ ಹಿಡಿಯೋ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಕೊನೆಯ (ಅಡಕೆ ಗೊಂಚಲಿನ) ಒಳಗೆ, ಕಾಯಿಯ ತೊಟ್ಟಿನ ಬುಡಕ್ಕೆ ದ್ರಾವಣ ಕೂರೋ ಹಾಗೆ ಹೊಡೆಯೋದು. ಅಷ್ಟೇ. ಮಳೆ ಕೈಯಲ್ಲಿಲ್ಲ, ಪಕ್ಕದ ತೋಟದಿಂದ ರೋಗ ಬರೋದು ಕೈಯಲ್ಲಿಲ್ಲ, ಧಾರಣೆಯಂತೂ ಇಲ್ಲವೇ ಇಲ್ಲ. ಕೈಯಲ್ಲಿರೋದನ್ನ ಪೂರ್ತಿ ಮಾಡಿದವನಿಗೆ ಫಸಲು ಹೋದ್ರೂ ಆ ವರ್ಷ ಹಾಳು ಅನಿಸೋದಿಲ್ಲ. ಅರ್ಧಂಬರ್ಧ ಮಾಡಿದವನಿಗೆ ಫಸಲು ಬಂದ್ರೂ ಒಳಗೆ ಕೊರೀತದೆ. ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕ ಎಲ್ಲರ ಬಾಯಲ್ಲೂ ಇದೆ. ಅದರ ತೂಕ ಗೊತ್ತಾಗೋದು ಕೊಳೆ ಬಂದ ವರ್ಷ.

ಚಂಡೆಪೆಟ್ಟು
ಸುಣ್ಣದ ನೀರನ್ನ ತುತ್ತದ ನೀರಿಗೆ ನಿಧಾನ ಹೊಯ್ಯಬೇಕು, ಅದನ್ನೂ ಬರೀರಿ.

ಸೋದೆ_ತೋಟಿಗ
ತಿರುಗಾಮುರುಗಾ ಆಯ್ತು. ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯೋದು, ಕೋಲಿನಲ್ಲಿ ತಿರುವುತ್ತಾ. 50 ಲೀಟರಿನಲ್ಲಿ ತುತ್ತ, 50 ಲೀಟರಿನಲ್ಲಿ ಸುಣ್ಣ. ಉಲ್ಟಾ ಮಾಡಿದ್ರೆ ಕಣ ದಪ್ಪ ಆಗ್ತದೆ, ಬೇಗ ತಳ ಹಿಡೀತದೆ, ಕಾಯಿಗೆ ಸರಿ ಅಂಟೋದಿಲ್ಲ. ಕಬ್ಬಿಣದ ಪಾತ್ರೆ ಬೇಡವೇ ಬೇಡ, ಪ್ಲಾಸ್ಟಿಕ್ ಡ್ರಮ್ಮೇ ಸರಿ. ಆಮೇಲೆ ತಿಕ್ಕಿ ಹೊಳಪು ಬರಿಸಿದ ಕತ್ತಿಯ ತುದಿ ಅದ್ದಿ ನೋಡೋದು. ಕೆಂಪು ತಾಮ್ರ ಹತ್ತಿದ್ರೆ ಹುಳಿ ಉಳಿದಿದೆ ಅಂತ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು, ಇಲ್ಲಾಂದ್ರೆ ಎಳೆಕಾಯಿ ಸುಡ್ತದೆ. ಕಲಸಿದ್ದು ಅವತ್ತೇ ಖಾಲಿ ಆಗಬೇಕು.

ನಿಲ್ಕುಂದ
ಕೆಲವರು ಎರಡನ್ನೂ ಒಟ್ಟಿಗೇ ಮೂರನೇ ಡ್ರಮ್ಮಿಗೆ ಹೊಯ್ತಾರೆ, ಅದೂ ಸರಿಯೇ. ಆದ್ರೆ ಈಗ ಸಿಗೋ ಸುಣ್ಣ ನಂಬೋ ಹಾಗಿಲ್ಲ. ಗಾಳಿಗೆ ಬಿಟ್ಟ ಪುಡಿ ಸುಣ್ಣದಲ್ಲಿ ಸತ್ವ ಇರೋದಿಲ್ಲ, ಕಿಲೋಗೆ ಕಿಲೋ ಹಾಕಿದ್ರೂ ಹುಳಿ ಉಳೀತದೆ.

ವೇದಿಕೆ ನಿರ್ವಾಹಕರು
ಸುಣ್ಣದ ಗುಣಮಟ್ಟದ ಚರ್ಚೆ ಕೃಷಿ ವಿಭಾಗದಲ್ಲಿ ಮುಂದುವರಿಸಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಬೇಲೆಕಾನ
ತೋಟಿಗರೇ, ನಿಮ್ಮ ಮಾತಿನಲ್ಲಿ ಒಂದು ತೊಡಕು ಉಂಟು. ನಿಮ್ಮ ಉದಾಹರಣೆಯಲ್ಲಿ ತೋಟ ಉಳೀತದೆ, ಮುಂದಿನ ವರ್ಷ ಮತ್ತೆ ಕೊನೆ ಬರ್ತದೆ. ತೋಟವೇ ಹೋದವರು? ಸೀಬರ್ಡ್ ನೌಕಾನೆಲೆಗೆ ಅಂತ ಊರಿಗೆ ಊರೇ ಎದ್ದು ಹೋಯ್ತು. ಕದ್ರಾ ಅಣೆಕಟ್ಟಿನ ಕೆಳಗಿನವರು 2019ರಲ್ಲಿ ಮನೆಯೊಳಗೆ ನೀರು ಕಂಡರು. ಅವರಿಗೆ "ಕೈಯಲ್ಲಿರೋದನ್ನ ಪೂರ್ತಿ ಮಾಡು" ಅಂದ್ರೆ ಅವರ ಕೈಯಲ್ಲಿ ಏನಿದೆ?

ಮಲ್ಲಾಪುರ_ಮೇಷ್ಟ್ರು
ಇದಕ್ಕೆ ವಿಕ್ಟರ್ ಫ್ರಾಂಕಲ್ ಅವರನ್ನ ತರಬೇಕು. ವಿಯೆನ್ನಾದ ಮನೋವೈದ್ಯ, ನಾಜಿ ಶಿಬಿರಗಳಲ್ಲಿ ಇದ್ದು ಬಂದವರು. ಅರ್ಥ ಸಿಗೋದಕ್ಕೆ ಮೂರು ದಾರಿ ಅಂತಾರೆ. ಏನಾದ್ರೂ ಮಾಡಿ ಲೋಕಕ್ಕೆ ಕೊಡೋದು. ಲೋಕದಿಂದ ಪಡೆಯೋದು, ಅಂದ್ರೆ ಒಬ್ಬರನ್ನ ಪ್ರೀತಿಸೋದು, ಒಂದು ಚಂದದ ವಸ್ತುವನ್ನ ಮನಸಾರೆ ನೋಡೋದು. ಮೂರನೆಯದು, ತಪ್ಪಿಸಲಾಗದ ನೋವಿನ ಎದುರು ನಿಲ್ಲೋ ರೀತಿ.

ಇಲ್ಲಿ "ತಪ್ಪಿಸಲಾಗದ" ಅನ್ನೋದಕ್ಕೆ ಅಡಿಗೆರೆ ಹಾಕಿ. ತಪ್ಪಿಸಬಹುದಾದ ನೋವನ್ನ ಸುಮ್ಮನೆ ಸಹಿಸೋದು ದೊಡ್ಡತನ ಅಲ್ಲ, ಕಾರಣ ತೆಗೆದುಹಾಕೋದೇ ಮೊದಲ ಕೆಲಸ ಅಂತ ಅವರೇ ಬರೆದಿದ್ದಾರೆ. ಆದ್ದರಿಂದ ಎದ್ದು ಬಂದ ಊರಿನವರಿಗೆ ಮನೋಭಾವದ ಪಾಠ ಹೇಳೋದು ಕೊನೆಗೆ. ಮೊದಲು ಪರಿಹಾರದ ಕಾಗದ, ಜಾಗ, ಕೆಲಸ.

ಗಜನಿಕಟ್ಟೆ
ಕೆಲಸ ಅಂದ್ರಿ ಅಂತ ಹೇಳ್ತೇನೆ. ಯಾವ ಕೆಲಸದಲ್ಲಿ ಅರ್ಥ ಹುಟ್ತದೆ, ಯಾವುದರಲ್ಲಿ ಬರೀ ಹೊತ್ತು ಹೋಗ್ತದೆ ಅನ್ನೋದನ್ನ ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದ್ರೆ ಉಪ್ಪುನೀರು ಬರೋ ಗದ್ದೆಯಲ್ಲಿ, ನೋಡಬೇಕು.

ಕುಮಟೆ ಕಡೆ ಮಾಣಿಕಟ್ಟಾದಂಥ ಊರಲ್ಲಿ ಕಗ್ಗ ಭತ್ತ ಬೆಳೀತಾರೆ, ಗೊತ್ತಿರಬಹುದು. ಉಪ್ಪನ್ನೂ ತಡೀತದೆ, ನೆರೆಯನ್ನೂ ತಡೀತದೆ. ಗೊಬ್ಬರ, ಔಷಧಿ ಏನೂ ಬೇಡ. ಮಳೆ ಬಂದು ಗದ್ದೆಯ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಹಾಕೋದು. ಕೊಯ್ಯೋವಾಗ ತೆನೆ ಮಾತ್ರ, ಹುಲ್ಲು ಗದ್ದೆಯಲ್ಲೇ. ಆಮೇಲೆ ಗೇಟು ತೆಗೆದು ಉಪ್ಪುನೀರು ಬಿಟ್ಟರೆ ಕೊಳೆತ ಹುಲ್ಲಿಗೆ ಸಿಗಡಿ, ಮೀನು ಬರ್ತವೆ. ಇದೆಲ್ಲ ನಿಂತಿರೋದು ಒಂದು ಕಟ್ಟೆಯ ಮೇಲೆ. ಸಮುದ್ರಕ್ಕೆ ಕಟ್ಟೆಯ ಗೊಡವೆ ಇಲ್ಲ. ದಿನಕ್ಕೆ ಎರಡು ಭರತ (ನೀರಿನ ಉಬ್ಬರ), ಒಂದರಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ, ಇವತ್ತಿನದಕ್ಕಿಂತ ನಾಳೆಯದು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರ್ತದೆ. ಮಳೆಗಾಲದ ಅಮಾವಾಸ್ಯೆಗೆ ಗಾಳಿಯೂ ಸೇರಿದ್ರೆ ದುರ್ಬಲ ಜಾಗ ಒಡೀತದೆ.

ಒಡೆಯೋದು ಎಲ್ಲಿ? ಹೆಚ್ಚಾಗಿ ಏಡಿ ಬಿಲ ಇದ್ದಲ್ಲಿ. ಬೆರಳು ಹೋಗೋ ತೂತು, ಒಳಗೆ ನೀರು ಜಿನುಗ್ತದೆ, ನಾಲ್ಕು ಭರತ ಕಳೆಯೋದರೊಳಗೆ ಮೊಣಕೈ ಹೋಗ್ತದೆ. ಭರತ ಏರಿದಾಗ ಒಳಮೈಯಲ್ಲಿ ನಡೆದು ಎಲ್ಲಿ ಒಸರ್ತದೆ ಅಂತ ನೋಡಿ ಕೋಲು ನೆಡಬೇಕು. ನೀರು ಇಳಿದ ಮೇಲೆ ಹೊರಮೈಯಿಂದ, ಅಂದ್ರೆ ಹೊಳೆ ಕಡೆಯಿಂದ, ಬಿಲದ ಬಾಯಿ ಹುಡುಕಿ ಅಗೆದು, ಜೇಡಿಮಣ್ಣನ್ನ ಒಂದೊಂದೇ ಪದರ ಹಾಕಿ ತುಳಿದು ಗಟ್ಟಿ ಮಾಡಬೇಕು. ಒಳಗಿನ ಬಾಯಿಗೆ ಮಾತ್ರ ಮಣ್ಣು ಮೆತ್ತಿದ್ರೆ ಮುಂದಿನ ಭರತಕ್ಕೇ ನೀರಿನ ಒತ್ತಡ ಅದನ್ನ ತಳ್ಳಿಬಿಡ್ತದೆ. ಸಿಗೋ ಹೊತ್ತು ಸುಮಾರು ಆರು ಗಂಟೆ, ಮಣ್ಣು ಹೊರೋಕೆ, ತುಳಿಯೋಕೆ ನಾಲ್ಕಾರು ಜನ ಬೇಕು. ಹೊರಮೈಗೆ ಕಾಂಡ್ಲ (ಮ್ಯಾಂಗ್ರೋವ್) ಗಿಡ ಬೆಳೆದಿದ್ರೆ ಅಲೆಯ ಪೆಟ್ಟು ಕಮ್ಮಿ.

ಇದರಿಂದ ತಿಳಿಯೋದು: ಕೆಲಸಕ್ಕೆ ಹೊತ್ತು ಗೊತ್ತಿರಬೇಕು. ಮಾಡದೇ ಬಿಟ್ಟರೆ ಯಾರಿಗೆ ಏನು ಕೆಡ್ತದೆ ಅಂತ ಕಣ್ಣಿಗೆ ಕಾಣಬೇಕು. ಒಬ್ಬನೇ ಮಾಡಿ ಮುಗಿಸೋ ಹಾಗಿರಬಾರದು. ಈ ಮೂರು ಇದ್ದಲ್ಲಿ ಮನುಷ್ಯ "ಇದಕ್ಕೆ ಅರ್ಥ ಏನು" ಅಂತ ಕೇಳ್ತಾ ನಿಲ್ಲೋದು ಅಪರೂಪ.

ನಿಲ್ಕುಂದ
ಒಪ್ಪೋಕಾಗೋದಿಲ್ಲ. ಕೇಳೋಕೆ ಪುರಸೊತ್ತು ಸಿಗದೇ ಇರೋದನ್ನ ನೀವು ಉತ್ತರ ಸಿಕ್ಕಿತು ಅಂತ ಎಣಿಸ್ತಿದ್ದೀರಿ. ಗಡಿಬಿಡಿಯಲ್ಲಿರೋ ಮನುಷ್ಯ ಎಲ್ಲ ಮರೀತಾನೆ. ಸೆರೆ ಕುಡಿದವನೂ ಮರೀತಾನೆ.

ಗಜನಿಕಟ್ಟೆ
ಮರೆಯೋದು ಬೇರೆ. ಕುಡಿದವನಿಗೆ ಬೆಳಿಗ್ಗೆ ಅದೇ ಪ್ರಶ್ನೆ ದುಪ್ಪಟ್ಟಾಗಿ ಬರ್ತದೆ. ಕಟ್ಟೆ ಕಟ್ಟಿದವನಿಗೆ ಬೆಳಿಗ್ಗೆ ಗದ್ದೆ ಉಳಿದಿರ್ತದೆ. ಪರೀಕ್ಷೆ ಇಷ್ಟೇ: ಕೆಲಸ ನಿಂತ ಮೇಲೆ ಹಿಂತಿರುಗಿ ನೋಡಿದಾಗ ಆ ಹೊತ್ತನ್ನ ಮತ್ತೆ ಅಲ್ಲೇ ಹಾಕ್ತೀರಾ, ಇಲ್ವಾ?

ತಟ್ಟಿಹಳ್ಳ
ನಿಲ್ಕುಂದರ ಆಕ್ಷೇಪ ಗಟ್ಟಿ ಇದೆ, ತಳ್ಳಿಹಾಕಬೇಡಿ. ಮಾಡೋ ಕೆಲಸವೇ ಕೆಟ್ಟದ್ದಾಗಿದ್ರೂ ಈ ಮೂರು ಲಕ್ಷಣ ಇರಬಹುದು. ಗುಂಪು ಕಟ್ಟಿ, ಹೊತ್ತು ಇಟ್ಟು ಮರ ಕದಿಯೋರಿಗೂ ಇರ್ತದೆ. ಆದ್ದರಿಂದ ನಾಲ್ಕನೆಯದು ಸೇರಿಸಿ: ಅದರಿಂದ ಬೇರೆಯವರಿಗೆ ಕೇಡಾಗಬಾರದು. ಅರ್ಥ ಅನಿಸೋದು ಬೇರೆ, ಯೋಗ್ಯ ಅನ್ನಿಸಿಕೊಳ್ಳೋದು ಬೇರೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಕಡಿಯೋದನ್ನ ತಡೆಯೋಕೆ ಮರ ಅಪ್ಪಿಕೊಂಡು ನಿಂತದ್ದು, ಅಪ್ಪಿಕೋ ಚಳವಳಿ, ಈ ನಾಲ್ಕಕ್ಕೂ ಸರಿಹೊಂದ್ತದೆ.

ಸೋದೆ_ತೋಟಿಗ
👍 ಅಪ್ಪಿಕೋ ಮಾತು ಬಂದದ್ದು ಒಳ್ಳೇದಾಯ್ತು.

ಮಲ್ಲಾಪುರ_ಮೇಷ್ಟ್ರು
ಕಾರವಾರದವರು ಕೇಳಿರೋ ಪ್ರಶ್ನೆಗೆ ಕಾರವಾರದಲ್ಲೇ ಒಂದು ಉತ್ತರ ಬರೆಯಲಾಗಿದೆ. ಬೀಚಿಗೆ ರವೀಂದ್ರನಾಥ ಟಾಗೋರರ ಹೆಸರಿದೆ, ಯಾಕೆ ಅಂತ ತುಂಬಾ ಜನರಿಗೆ ಗೊತ್ತಿಲ್ಲ. ಅವರ ಅಣ್ಣ ಸತ್ಯೇಂದ್ರನಾಥ, ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್ ಪಾಸಾದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ರವೀಂದ್ರರು, ಆಗ ಅವರಿಗೆ 22, ಅಣ್ಣನ ಮನೆಗೆ ಬಂದರು. ಕಾಳಿ ಹೊಳೆಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದದ್ದನ್ನ ನೆನಪಿಸಿಕೊಂಡು ಬರೆದಿದ್ದಾರೆ. "ಪ್ರಕೃತಿಯ ಪ್ರತಿಶೋಧ" ನಾಟಕ ಬರೆದದ್ದು ಇಲ್ಲೇ. ಅದರಲ್ಲಿ ಒಬ್ಬ ಸನ್ಯಾಸಿ ಎಲ್ಲ ಬಂಧನ ಹರಿದುಕೊಂಡು ಅನಂತವನ್ನ ಹಿಡೀತೇನೆ ಅಂತ ಗುಹೆಯಲ್ಲಿ ಕೂರ್ತಾನೆ. ತಬ್ಬಲಿ ಹುಡುಗಿಯೊಬ್ಬಳ ಮೇಲಿನ ಮಮತೆ ಅವನನ್ನ ಮತ್ತೆ ಲೋಕಕ್ಕೆ ಎಳೆದು ತರ್ತದೆ. ದೊಡ್ಡದು ಸಿಗೋದು ಸಣ್ಣದರ ಒಳಗೇ, ಅದನ್ನ ಬಿಟ್ಟು ಅಲ್ಲ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಪೀಠಿಕೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಚಂಡೆಪೆಟ್ಟು
ವೇಷ, ಕುಣಿತ ಇಲ್ಲದೆ ಕೂತು ಪಾತ್ರದ ಮಾತಾಡೋ ತಾಳಮದ್ದಳೆಯವರಿಗೆ ಇದು ದಿನಾ ಇರೋದೇ. ಕರ್ಣನ ಪಾತ್ರ ಕೊಟ್ಟರೆ ಸೋಲ್ತಾನೆ ಅಂತ ಎದುರಿಗೆ ಕೂತವರಿಗೆಲ್ಲ ಮೊದಲೇ ಗೊತ್ತು. ಆದ್ರೂ ಪದ್ಯ ಬಾಯಿಪಾಠ ಮಾಡಿ, ಎದುರು ಪಾತ್ರ ಏನು ಕೇಳಬಹುದು ಅಂತ ಹತ್ತು ಪ್ರಶ್ನೆ ಯೋಚಿಸಿ, ಒಂದೊಂದಕ್ಕೂ ಎರಡು ಉತ್ತರ ಇಟ್ಟುಕೊಂಡು ಬರ್ತಾರೆ. ಸೋಲೋ ಪಾತ್ರವನ್ನ ಎಷ್ಟು ಘನವಾಗಿ ನಿಲ್ಲಿಸಿದ ಅನ್ನೋದರ ಮೇಲೆ ಅರ್ಥಧಾರಿಯ (ಪಾತ್ರದ ಮಾತಾಡುವವನ) ಬೆಲೆ.

ದೇವಿಮನೆ_ಘಟ್ಟ
ಈ ಚರ್ಚೆಯಲ್ಲಿ ಸಾವಿನ ನಂತರದ ಕಾರ್ಯಗಳ ಬಗ್ಗೆ ಯಾರೂ ಹೇಳಲಿಲ್ಲ. ದೇವರನ್ನ ನಂಬಿ, ಬಿಡಿ, ಸಾವಾದ ಮನೆಯಲ್ಲಿ ಮುಂದಿನ ಗಂಟೆ ಏನು ಮಾಡಬೇಕು ಅಂತ ಗೊತ್ತಿರೋದು ದೊಡ್ಡ ಆಸರೆ. ಅಸ್ಥಿ ಸಂಚಯನ, ಹತ್ತರ ತನಕ ನಿತ್ಯದ ಪಿಂಡ, ಹನ್ನೊಂದು, ಹನ್ನೆರಡಕ್ಕೆ ಸಪಿಂಡೀಕರಣ, ಆಮೇಲೆ ವೈಕುಂಠ. ತಲೆ ಓಡದ ಹೊತ್ತಿಗೆ ಕೈಕಾಲಿಗೆ ಕೆಲಸ ಸಿಗ್ತದೆ, ಮನೆ ತುಂಬಾ ಜನ ಇರ್ತಾರೆ. ಕೆಡೋದು ಹದಿಮೂರರ ನಂತರ. ಎಲ್ಲರೂ ಹೋಗ್ತಾರೆ, ಮನೆ ಖಾಲಿ. ಆದ್ದರಿಂದ ನೆಂಟರು ಮೊದಲ ಮೂರು ದಿನ ಮುಗಿಬೀಳೋದಕ್ಕಿಂತ ಹದಿನಾಲ್ಕನೇ ದಿನದಿಂದ ಎರಡು ತಿಂಗಳು ಸರದಿ ಹಾಕಿಕೊಂಡು ವಾರಕ್ಕೊಮ್ಮೆ ಹೋಗಿ ಬರಬೇಕು.

ಬೇಲೆಕಾನ
ಇದು ಈ ಚರ್ಚೆಯಲ್ಲೇ ಅತ್ಯಂತ ಉಪಯೋಗದ ಮಾತು.

ಕಾಸರಕೋಡ_ಮರಳು
ಲೋಕದ ನಿರ್ಲಕ್ಷ್ಯ ನೋಡಬೇಕಾದ್ರೆ ಕಡಲಾಮೆ ಮೊಟ್ಟೆ ನೋಡಿ. ಹೊನ್ನಾವರ, ಕಾರವಾರ ಕಡೆ ಚಳಿಗಾಲ, ಬೇಸಿಗೆಯ ಮೊದಲ ಭಾಗದಲ್ಲಿ ಆಲಿವ್ ರಿಡ್ಲೆ ಬರ್ತವೆ. ಒಂದು ಗೂಡಿಗೆ ನೂರು ಚಿಲ್ಲರೆ ಮೊಟ್ಟೆ. ಸಾವಿರ ಮರಿಯಲ್ಲಿ ದೊಡ್ಡದಾಗೋದು ಒಂದೋ ಎರಡೋ ಅಂತಾರೆ. ಆದ್ರೂ ಹುಡುಗರು ನಸುಕಿನಲ್ಲಿ ಮರಳ ಮೇಲೆ ನಡೀತಾರೆ.

ಮಾಡಬೇಕಾದ್ದು: ಆಮೆ ಮೇಲೆ ಬಂದು ಹೋದ ಜಾಡು ಹುಡುಕೋದು. ಕಂಡ್ರೆ ಅಗೆಯಬಾರದು, ಅರಣ್ಯ ಇಲಾಖೆಗೆ ತಿಳಿಸೋದು. ನೀರು ಹತ್ತೋ ಜಾಗದಲ್ಲಿದ್ರೆ ಮೊಟ್ಟೆ ಸರಿಸೋದು ಅವರ ಕೆಲಸ, ಅದೂ ಇಟ್ಟ ಕೆಲವೇ ಗಂಟೆಯೊಳಗೆ, ಮೇಲಿನ ಮೈ ಮೇಲೇ ಇರೋ ಹಾಗೆ. ತಡವಾಗಿ ತಿರುಗಿಸಿದ್ರೆ ಒಳಗಿನ ಭ್ರೂಣ ಸಾಯ್ತದೆ. ಗೂಡಿಗೆ ಬಲೆ ಕಟ್ಟೋದು ನಾಯಿ, ನರಿಗೆ. ಮರಿ ಹೊರಬರೋಕೆ 45ರಿಂದ 60 ದಿನ. ಆ ವಾರ ದಂಡೆಯ ಬಿಳಿ ದೀಪ ಆರಿಸಬೇಕು, ಮರಿ ಬೆಳಕಿನ ಕಡೆಗೇ ಹೋಗ್ತವೆ. ಎತ್ತಿ ನೀರಿಗೆ ಬಿಡೋದೂ ಬೇಡ, ಮರಳ ಮೇಲೆ ತಾವೇ ನಡೆದು ಹೋಗಲಿ.

ಸಾವಿರಕ್ಕೆ ಒಂದು ಅಂತ ಗೊತ್ತಿದ್ದೂ ಮಾಡ್ತಾರೆ. ಯಾಕೆ ಅಂತ ಕೇಳಿದ್ರೆ ಯಾರೂ ಭಾಷಣ ಮಾಡೋದಿಲ್ಲ, "ನಾಯಿ ಬಂದ್ರೆ ಆ ಒಂದೂ ಇಲ್ಲ" ಅಂತಾರೆ.

ಕೋಡಿಬಾಗ_ಕಿನಾರೆ
ಎಲ್ಲರಿಗೂ ಧನ್ಯವಾದ. ಗದ್ದೆ ಇಲ್ಲ, ತೋಟ ಇಲ್ಲ, ಬಾಡಿಗೆ ಮನೆ, ಆಫೀಸು ಕೆಲಸ. ಇಂಥವರು ಸೋಮವಾರದಿಂದ ಏನು ಶುರು ಮಾಡಬೇಕು?

ಮಲ್ಲಾಪುರ_ಮೇಷ್ಟ್ರು
ಒಂದು ವಾರ ಏನೂ ಬದಲಿಸಬೇಡಿ. ಗಂಟೆಗೊಂದು ಸಾಲು ಬರೀರಿ, ಏನು ಮಾಡಿದ್ರಿ ಅಂತ. ಪಕ್ಕದಲ್ಲಿ ಎರಡು ಅಂಕ, 0ರಿಂದ 10: ಎಷ್ಟು ಹಿತ ಆಯ್ತು, ಎಷ್ಟು ಸಾರ್ಥಕ ಅನಿಸ್ತು. ಎರಡೂ ಒಂದೇ ಅಲ್ಲ. ಮೊಬೈಲು ನೋಡೋದಕ್ಕೆ ಹಿತ 6 ಬಂದು ಸಾರ್ಥಕ 1 ಬರಬಹುದು. ವಯಸ್ಸಾದವರನ್ನ ಆಸ್ಪತ್ರೆಗೆ ಕರಕೊಂಡು ಹೋದದ್ದಕ್ಕೆ ಹಿತ 2, ಸಾರ್ಥಕ 8 ಬರಬಹುದು. ವಾರದ ಕೊನೆಗೆ ಎರಡನೇ ಅಂಕ ಎಲ್ಲಿ ಏರಿದೆ ನೋಡಿ, ಆ ಜಾತಿಯ ಒಂದು ಕೆಲಸವನ್ನ ಮುಂದಿನ ವಾರಕ್ಕೆ ದಿನ, ಗಂಟೆ ಹಾಕಿ ಬರೆದುಕೊಳ್ಳಿ. ಅರ್ಧ ಗಂಟೆ ಸಾಕು.

ಕೆಡೋದು ಮೂರು ಕಡೆ. ದೊಡ್ಡದನ್ನ ಹಿಡಿಯೋದು, ಮನಸ್ಸು ಬಂದಾಗ ಮಾಡ್ತೇನೆ ಅನ್ನೋದು, ಮಾಡ್ತಾ ಇರುವಾಗಲೇ "ಅರ್ಥ ಸಿಕ್ತಾ" ಅಂತ ಒಳಗೆ ಇಣುಕಿ ನೋಡೋದು. ಮೂರನೆಯದು ಕೆಲಸವನ್ನೇ ಹಾಳು ಮಾಡ್ತದೆ. ಅಂಕ ರಾತ್ರಿ ಹಾಕಿ.

ತಟ್ಟಿಹಳ್ಳ
ಗುರಿಗೂ ಮೌಲ್ಯಕ್ಕೂ ವ್ಯತ್ಯಾಸ ಇಟ್ಟುಕೊಳ್ಳಿ. "ಹತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೇನೆ" ಗುರಿ, ಮುಗೀತದೆ ಇಲ್ಲಾ ತಪ್ಪುತ್ತದೆ. "ಗೊತ್ತಿದ್ದನ್ನ ಹೇಳಿಕೊಡೋದು" ಮೌಲ್ಯ, ಹತ್ತರಲ್ಲಿ ಒಂದೇ ಮಗು ಬಂದ್ರೂ ನಡೀತದೆ. ಗುರಿ ಮಾತ್ರ ಇಟ್ಟುಕೊಂಡವರು ಗುರಿ ಮುಟ್ಟಿದ ಮರುದಿನವೇ ಖಾಲಿ ಆಗ್ತಾರೆ.

ನಿಲ್ಕುಂದ
ಎಲ್ಲರೂ ಗುಂಪು, ಗುಂಪು ಅಂತಿದ್ದೀರಿ. ಜನರ ಜೊತೆ ಬೆರೆಯದ ಸ್ವಭಾವದವರು?

ಸೋದೆ_ತೋಟಿಗ
ಮಳೆ ಅಳೆಯಲಿ. ಅಪ್ಪ, ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದಿಟ್ಟ ಮನೆಗಳು ಶಿರಸಿ, ಸಿದ್ದಾಪುರ ಕಡೆ ಇವೆ. ದಿನಾ ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆ ಅಳೆಯೋದೂ ಅದೇ ಹೊತ್ತಿಗೆ. ಮೇಲಿಂದ ಕೆಳಗಿನ ತನಕ ಒಂದೇ ಅಗಲದ ಡಬ್ಬಿ ಇದ್ರೆ ಸ್ಕೇಲು ಇಟ್ಟು ಮಿಲಿಮೀಟರ್ ನೇರ ಓದಬಹುದು. ಒಂದು ಮಿಲಿಮೀಟರ್ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಬಾಟಲಿಯ ತಳ ಉಬ್ಬಿದ್ರೆ ಮೊದಲು ನೀರು ಹಾಕಿ ಮಟ್ಟ ಮಾಡಿ, ಅಲ್ಲಿಂದ ಸೊನ್ನೆ. ತಪ್ಪಿದ ದಿನಕ್ಕೆ ಅಂದಾಜು ಬರೆಯಬಾರದು, ಗೆರೆ ಎಳೆಯೋದು. ಹತ್ತು ವರ್ಷದ ಲೆಕ್ಕ ಆದ್ರೆ ಗುಡ್ಡ ಕುಸಿಯೋ ಭಯ ಇರೋ ಊರಿಗೆ ಅದರ ಬೆಲೆ ಏನು ಅಂತ ಬೇಲೆಕಾನ ಅವರನ್ನ ಕೇಳಿ.

ಬೇಲೆಕಾನ
ನಿಜ. ಯಾವ ಗುಡ್ಡ ಎಷ್ಟು ಮಳೆಗೆ ಜಾರ್ತದೆ ಅಂತ ಹೇಳೋಕೆ ಅದೇ ಜಾಗದ ಲೆಕ್ಕ ಬೇಕು, ಇಪ್ಪತ್ತು ಕಿಲೋಮೀಟರ್ ಆಚೆಯದ್ದು ಸಾಲೋದಿಲ್ಲ. ಘಟ್ಟದ ಬುಡಕ್ಕೂ ತುದಿಗೂ ಮಳೆಯಲ್ಲಿ ಅಜಗಜಾಂತರ.

ಕೋಡಿಬಾಗ_ಕಿನಾರೆ
ಬಾಡಿಗೆ ಮನೆಯ ತಾರಸಿ ಮೇಲೆ ಇಟ್ಟರೆ ನಡೀತದಾ?

ಸೋದೆ_ತೋಟಿಗ
ತಾರಸಿಯಲ್ಲಿ ಗಾಳಿಗೆ ಮಳೆ ಓರೆಯಾಗಿ ಹೊಡೀತದೆ, ಕಮ್ಮಿ ತೋರಿಸ್ತದೆ. ನೆಲದಿಂದ ಒಂದಡಿ ಎತ್ತರ, ಸುತ್ತ ಬಯಲು, ಮರವೋ ಗೋಡೆಯೋ ಇದ್ರೆ ಅದರ ಎತ್ತರದ ಎರಡು ಪಟ್ಟು ದೂರ. ಅಂಗಳ ಸಣ್ಣದಾದ್ರೆ ಹತ್ತಿರದ ಶಾಲೆಯ ಮೈದಾನ ಕೇಳಿ ನೋಡಿ, ಬೇಲಿ ಹಾಕಿಕೊಳ್ಳಿ, ದನ ಮೂಸಿ ಮಗುಚಿ ಹಾಕ್ತವೆ.

ಕಾಸರಕೋಡ_ಮರಳು
ಕರಾವಳಿಯಲ್ಲಿ ತಗಡಿನ ಡಬ್ಬಿ ಬೇಡ, ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ತೂತು. ದಪ್ಪ ಪ್ಲಾಸ್ಟಿಕ್ ತಗೊಳ್ಳಿ.